ಪೆಪ್ಪರೋನಿ ಅಂದರೆ ದಪ್ಪ ಮೆಣಸಿನಕಾಯಿ ಅಲ್ಲ: ನ್ಯೂಯಾರ್ಕ್ ಹೊಸಬರಿಗೆ ಪಿಜ್ಜಾ ಮಾರ್ಗದರ್ಶಿ

ಮೊದಲು ಇದನ್ನೇ ಹೇಳಿಬಿಡುತ್ತೇನೆ, ಯಾಕೆಂದರೆ ಹೊಸದಾಗಿ ಬಂದವರಲ್ಲಿ ಯಾರಾದರೊಬ್ಬರು ಎಡವುವುದು ಇಲ್ಲೇ. ಇಟಲಿಯಲ್ಲಿ ಪೆಪೆರೋನಿ ಅಂದರೆ ನಮ್ಮ ದಪ್ಪ ಮೆಣಸಿನಕಾಯಿಯೇ ಸರಿ. ಆದರೆ ಅಮೆರಿಕದಲ್ಲಿ ಪೆಪ್ಪರೋನಿ ಅಂದರೆ ಹಂದಿ ಮತ್ತು ದನದ ಮಾಂಸದ ಸಾಸೇಜು, ಕೆಂಪು ಬಿಲ್ಲೆಗಳಾಗಿ ಚೀಸ್ ಮೇಲೆ ಕೂತಿರುತ್ತದೆ. ನಾವು ಬಂದ ಮೊದಲ ವಾರ ನಾನು 'ಪೆಪ್ಪರ್ ಹಾಕಿರೋದು ಎರಡು' ಅಂತ ಕೇಳಿದೆ, ಅಂಗಡಿಯ ಗದ್ದಲದಲ್ಲಿ ಹುಡುಗನಿಗೆ ಪೆಪ್ಪರೋನಿ ಅಂತ ಕೇಳಿಸಿತು, ಅದನ್ನೇ ಕೊಟ್ಟ. ನಮ್ಮತ್ತೆ ತಟ್ಟೆ ಹಿಡಿದು "ಇದೇನು, ಟೊಮೇಟೊನಾ?" ಅಂದರು. ತಿನ್ನುವ ಮೊದಲು ಕೇಳಿದ್ದೇ ಪುಣ್ಯ.

ಇನ್ನು 'ಬೆಸ್ಟ್ ಪಿಜ್ಜಾ ಎಲ್ಲಿ?' ಅನ್ನುವ ಪ್ರಶ್ನೆ. ಬೆಂಗಳೂರಲ್ಲಿ ಮಸಾಲೆ ದೋಸೆ ಎಲ್ಲಿ ಚೆನ್ನಾಗಿದೆ ಅಂತ ಕೇಳಿದ ಹಾಗೆ ಇದು, ನಾಲ್ಕು ಜನ ಸೇರಿದರೆ ಐದು ಉತ್ತರ. ನನ್ನ ಸಲಹೆ ಏನೆಂದರೆ ಮೊದಲ ತಿಂಗಳು ಯಾವ ಪಟ್ಟಿಯನ್ನೂ ನೋಡಬೇಡಿ. ನಿಮ್ಮ ಸಬ್‌ವೇ ಸ್ಟೇಷನ್ ಹತ್ತಿರದ ಸ್ಲೈಸ್ ಅಂಗಡಿಗೆ ಹೋಗಿ. ಸ್ಲೈಸ್ ಅಂಗಡಿ ಅಂದರೆ ಇಲ್ಲಿನ ದರ್ಶಿನಿ ಅಂದುಕೊಳ್ಳಿ: ಕೌಂಟರಿನಲ್ಲಿ ಹೇಳು, ದುಡ್ಡು ಕೊಡು, ನಿಂತು ತಿನ್ನು, ಹೊರಡು. ಇಡೀ ಪಿಜ್ಜಾಗೆ ಇಲ್ಲಿ 'ಪೈ' ಅಂತಾರೆ. ಸಾಮಾನ್ಯ ಪೈ 18 ಇಂಚು, ಎಂಟು ತುಂಡು. ಬರೀ ಸಾಸು, ಚೀಸು ಇರುವುದನ್ನು 'ಪ್ಲೇನ್ ಸ್ಲೈಸ್' ಅಂತ ಕೇಳಬೇಕು. ಅಂಗಡಿಯ ಯೋಗ್ಯತೆ ಗೊತ್ತಾಗುವುದು ಅದರಲ್ಲೇ, ಹೊಸ ಹೋಟೆಲ್ಲಿಗೆ ಹೋದರೆ ನಾವು ಮೊದಲು ಇಡ್ಲಿ ಹೇಳಿ ನೋಡುತ್ತೇವಲ್ಲ, ಹಾಗೆ. ಗಾಜಿನ ಹಿಂದೆ ಹತ್ತು ಥರದ ಪೈ ಇಟ್ಟಿರುತ್ತಾರೆ, ಬಣ್ಣಕ್ಕೆ ಮರುಳಾಗಬೇಡಿ. ಈಗಷ್ಟೇ ಒಲೆಯಿಂದ ಬಂದದ್ದು ಯಾವುದು ಅಂತ ಕೇಳಿ ಅದನ್ನೇ ತಗೊಳ್ಳಿ. ಬೇರೆಯದಾದರೆ ಮತ್ತೆ ಒಲೆಗೆ ಹಾಕಿ ಬಿಸಿ ಮಾಡಿ ಕೊಡುತ್ತಾರೆ. ಅದೂ ಕೆಟ್ಟದ್ದೇನಲ್ಲ, ತಳ ಗರಿಗರಿ ಆಗುತ್ತದೆ.

ತಿನ್ನುವುದು ಕೈಯಲ್ಲಿ, ಉದ್ದಕ್ಕೆ ಮಡಚಿಕೊಂಡು. 2014ರಲ್ಲಿ ಆಗಿನ ಮೇಯರ್ ಬಿಲ್ ಡಿ ಬ್ಲಾಸಿಯೊ ಫೋರ್ಕಿನಲ್ಲಿ ಪಿಜ್ಜಾ ತಿಂದು ಊರಿಗೆಲ್ಲ ನಗೆಪಾಟಲಾದರು. ಕೈಯಲ್ಲಿ ತಿನ್ನುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಅಲ್ವಾ?

ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. 'ವೆಜ್' ಅಂದರೆ ಎಷ್ಟೋ ಕಡೆ ಅರ್ಥವಾಗುವುದಿಲ್ಲ, ಅರ್ಥವಾದರೂ 'ತರಕಾರಿ ಇದ್ದರೆ ಸಾಕು' ಅಂದುಕೊಳ್ಳುತ್ತಾರೆ. 'ವೆಜಿಟೇರಿಯನ್, ನೋ ಮೀಟ್, ನೋ ಫಿಶ್' ಅಂತ ಬಿಡಿಸಿ ಹೇಳಿ. ಮೀನು ಯಾಕೆ ಅಂದರೆ ಆಂಚೋವಿ ಅನ್ನುವ ಸಣ್ಣ ಮೀನನ್ನು ಪಿಜ್ಜಾ ಮೇಲೂ ಹಾಕುತ್ತಾರೆ, ಸೀಸರ್ ಸಲಾಡಿನ ಡ್ರೆಸಿಂಗಿನಲ್ಲೂ ಅರೆದು ಸೇರಿಸುತ್ತಾರೆ. ಸಲಾಡ್ ತಾನೇ ಅಂತ ಸುಮ್ನೆ ತಿಂದುಬಿಡಬೇಡಿ. 'ಕ್ಯಾಪ್ಸಿಕಂ' ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ, 'ಗ್ರೀನ್ ಪೆಪ್ಪರ್' ಅನ್ನಬೇಕು, 'ಗ್ರೀನ್' ಅನ್ನುವುದನ್ನು ಒತ್ತಿ ಹೇಳಿ, ಇಲ್ಲದಿದ್ದರೆ ನನ್ನ ಕಥೆಯೇ ನಿಮ್ಮದೂ. ವೋಡ್ಕಾ ಸಾಸ್ ಅನ್ನುವ ಕಿತ್ತಳೆ ಬಣ್ಣದ ಸಾಸು ಈಗ ಬಹಳ ಕಡೆ ಇದೆ, ಹೆಸರಿಗಷ್ಟೇ ಅಲ್ಲ, ನಿಜವಾಗಿ ವೋಡ್ಕಾ ಹಾಕಿಯೇ ಕುದಿಸುತ್ತಾರೆ. ಈರುಳ್ಳಿ ಬೆಳ್ಳುಳ್ಳಿ ತಿನ್ನದವರು ಸಾಸಿನಲ್ಲಿ ಬೆಳ್ಳುಳ್ಳಿ ಇದ್ದೇ ಇರುತ್ತದೆ ಅಂದುಕೊಂಡೇ ವಿಚಾರಿಸುವುದು ಒಳ್ಳೆಯದು.

ಚೀಸ್ ವಿಷಯ ಇನ್ನೂ ಸೂಕ್ಷ್ಮ. ಹಾಲು ಒಡೆಯಲು ರೆನೆಟ್ ಬಳಸುತ್ತಾರೆ. ಮೂಲದಲ್ಲಿ ಅದು ಎಳೆಗರುವಿನ ಹೊಟ್ಟೆಯಿಂದ ತೆಗೆಯುವುದು. ಮೇಲೆ ತುರಿದು ಉದುರಿಸುವ ಇಟಲಿಯ ಅಸಲಿ ಪಾರ್ಮಿಜಾನೊ ರೆಜಾನೊ, ಪೆಕೊರಿನೊ ರೊಮಾನೊ ಎರಡರಲ್ಲೂ ಪ್ರಾಣಿಯ ರೆನೆಟ್ಟೇ. ಪಿಜ್ಜಾ ಮೇಲೆ ಕರಗಿರುವ ಮೊಜರೆಲ್ಲಾ ಪ್ರಾಣಿಮೂಲದ್ದಲ್ಲದ ರೆನೆಟ್‌ನಲ್ಲೂ ಆಗುತ್ತದೆ. ಹಾಗಾಗಿ ಮೇಲೆ ಉದುರಿಸುವ ಚೀಸ್ ಬೇಡ ಅನ್ನಬಹುದು. ಒಂದೇ ಕಟ್ಟರಿನಲ್ಲಿ ಎಲ್ಲ ಪೈಗಳನ್ನೂ ಕತ್ತರಿಸುತ್ತಾರೆ ಅನ್ನುವುದೂ ನೆನಪಿರಲಿ. ಒರೆಸಿ ಕತ್ತರಿಸಿ ಅಂದರೆ ಮಾಡಿಕೊಡುತ್ತಾರೆ, ಮಧ್ಯಾಹ್ನದ ರಶ್ಶಿನಲ್ಲಿ ಮುಖ ಗಂಟು ಹಾಕಿಕೊಂಡು. ಎಲ್ಲಿ ಗೆರೆ ಎಳೆಯಬೇಕು ಅನ್ನುವುದು ನಿಮ್ಮ ಮನೆಯ ವಿಷಯ. ನಮ್ಮ ಮನೆಯೊಳಗೇ ಮೂರು ಗೆರೆಗಳಿವೆ.

ಮಾಂಸದ ಚಿಂತೆಗೆ ಒಂದು ಸುಲಭದ ದಾರಿ ಇದೆ, ನನಗೆ ಗೊತ್ತಾಗಿದ್ದು ತಡವಾಗಿ: ಕೋಶರ್ ಪಿಜ್ಜಾ ಅಂಗಡಿ. ಯಹೂದಿ ಧರ್ಮದ ಆಹಾರ ನಿಯಮದಲ್ಲಿ ಮಾಂಸ ಮತ್ತು ಹಾಲು ಸೇರುವಂತಿಲ್ಲ. ಪಿಜ್ಜಾದಲ್ಲಿ ಚೀಸ್ ಇರುವುದರಿಂದ ಆ ಅಡುಗೆಮನೆಗೆ ಮಾಂಸವೇ ಬರುವುದಿಲ್ಲ. ಕಟ್ಟರ್ ಚಿಂತೆಯೂ ಇಲ್ಲ. ಮೀನಿಗೆ ಮಾತ್ರ ಅಡ್ಡಿ ಇಲ್ಲ, ಟ್ಯೂನಾ ಇರಬಹುದು, ಅದನ್ನು ಕೇಳಿಕೊಳ್ಳಿ. ಕ್ವೀನ್ಸ್‌ನಲ್ಲಿರುವವರಿಗೆ ಕ್ಯೂ ಗಾರ್ಡನ್ಸ್ ಹಿಲ್ಸ್ ಕಡೆ ಮೇನ್ ಸ್ಟ್ರೀಟಿನಲ್ಲಿ ಇಂಥವು ಸಿಗುತ್ತವೆ, ಬ್ರೂಕ್ಲಿನ್ನಿನ ಮಿಡ್‌ವುಡ್‌ನಲ್ಲೂ ಇವೆ. ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗೆ ಬಾಗಿಲು ಹಾಕಿರುತ್ತದೆ. ಶನಿವಾರ ಫ್ಲಶಿಂಗ್ ಗಣೇಶ ದೇವಸ್ಥಾನಕ್ಕೆ ಹೋಗಿ ಬರುವಾಗ ತಿನ್ನೋಣ ಅಂತ ಲೆಕ್ಕ ಹಾಕಬೇಡಿ; ಅವತ್ತು ದೇವಸ್ಥಾನದ ಕ್ಯಾಂಟೀನಿನ ದೋಸೆಯೇ ಗತಿ, ಒಳ್ಳೆಯ ಗತಿಯೇ.

ಸರಿ, ಊರಿನಿಂದ ಅಪ್ಪ ಅಮ್ಮ ಬಂದಿದ್ದಾರೆ, ಹೆಸರಾದ ಜಾಗಕ್ಕೇ ಕರೆದುಕೊಂಡು ಹೋಗಬೇಕು ಅಂದರೆ ನಾನು ಬ್ರೂಕ್ಲಿನ್ ಸೇತುವೆಯನ್ನು ಮ್ಯಾನ್‌ಹಟನ್ ಕಡೆಯಿಂದ ನಡೆದು ದಾಟಿಸಿ, ಆಚೆ ಇಳಿದ ಮೇಲೆ ಓಲ್ಡ್ ಫುಲ್ಟನ್ ಸ್ಟ್ರೀಟಿನ ಜೂಲಿಯಾನಾಸ್‌ಗೆ ಕರೆದುಕೊಂಡು ಹೋಗುತ್ತೇನೆ. ಪಕ್ಕದಲ್ಲೇ ಗ್ರಿಮಾಲ್ಡೀಸ್ ಇದೆ, ಅದರ ಹಿಂದೆ ಒಂದು ಕಥೆಯೂ ಇದೆ. ಪ್ಯಾಟ್ಸಿ ಗ್ರಿಮಾಲ್ಡಿ ತಮ್ಮ ಅಂಗಡಿಯನ್ನು ಹೆಸರಿನ ಸಮೇತ ಮಾರಿಬಿಟ್ಟಿದ್ದರು. ಕೊಂಡವರು ಆ ಕಟ್ಟಡ ಬಿಟ್ಟು ಪಕ್ಕಕ್ಕೆ ಹೋದಾಗ, 2012ರಲ್ಲಿ, ನಿವೃತ್ತಿ ಸಾಕು ಅಂತ ವಾಪಸ್ ಬಂದು ಅದೇ ಹಳೇ ಜಾಗದಲ್ಲಿ ತಾಯಿಯ ಹೆಸರಿಟ್ಟು ಹೊಸ ಅಂಗಡಿ ತೆರೆದರು, ಅದೇ ಜೂಲಿಯಾನಾಸ್. ಎರಡೂ ಕಡೆ ಕಲ್ಲಿದ್ದಲ ಒಲೆ, ತಳದಲ್ಲಿ ಅಲ್ಲಲ್ಲಿ ಕಪ್ಪು ಕಲೆ. ಅದು ಸೀದದ್ದಲ್ಲ, ಹಾಗೇ ಇರಬೇಕು, ಅಮ್ಮನಿಗೆ ಮೊದಲೇ ಹೇಳಿರಿ. ಇಲ್ಲಿ ಸ್ಲೈಸ್ ಇಲ್ಲ, ಇಡೀ ಪೈ ಮಾತ್ರ. ಸ್ಪ್ರಿಂಗ್ ಸ್ಟ್ರೀಟಿನ ಲೊಂಬಾರ್ಡೀಸ್, 1929ರ ಜಾನ್ಸ್ ಆಫ್ ಬ್ಲೀಕರ್ ಸ್ಟ್ರೀಟ್ ಕೂಡ ಇದೇ ಪದ್ಧತಿ. ಲೊಂಬಾರ್ಡೀಸ್‌ಗೆ 1905ರ ಅಂಗಡಿ, ಅಮೆರಿಕದ ಮೊದಲ ಪಿಜ್ಜಾ ಮನೆ ಅಂತ ಹೆಸರು. ನಡುವೆ ಹತ್ತು ವರ್ಷ ಮುಚ್ಚಿತ್ತು, 1994ರಲ್ಲಿ ಮತ್ತೆ ತೆರೆಯಿತು.

ಮಕ್ಕಳಿದ್ದರೆ ಬೇಸಿಗೆಯಲ್ಲಿ ಎಲ್ ಆ್ಯಂಡ್ ಬಿ ಸ್ಪುಮೋನಿ ಗಾರ್ಡನ್ಸ್ ನನ್ನ ಮೊದಲ ಆಯ್ಕೆ. ಬ್ರೂಕ್ಲಿನ್ನಿನ 86ನೇ ಸ್ಟ್ರೀಟಿನಲ್ಲಿದೆ, ಕೋನಿ ಐಲ್ಯಾಂಡ್ ಬೀಚಿಗೆ ಹೋಗುವ ಡಿ ರೈಲಿನ ದಾರಿಯಲ್ಲೇ. ಚೌಕದ ದಪ್ಪ ಪಿಜ್ಜಾ, ಚೀಸ್ ಕೆಳಗೆ, ಸಾಸು ಮೇಲೆ. ಹೊರಗೆ ಬೆಂಚುಗಳಿವೆ, ಮಕ್ಕಳು ಕೂಗಾಡಿದರೂ ಯಾರೂ ತಿರುಗಿ ನೋಡುವುದಿಲ್ಲ, ಕೊನೆಗೆ ಸ್ಪುಮೋನಿ ಐಸ್‌ಕ್ರೀಮ್ ಇದೆ. ಕ್ಯಾರೋಲ್ ಗಾರ್ಡನ್ಸ್‌ನ ಲುಕಾಲಿಗೆ ಮಾತ್ರ ಮಕ್ಕಳನ್ನು ಕಟ್ಟಿಕೊಂಡು ಹೋಗಬೇಡಿ. ಪಿಜ್ಜಾ ಅದ್ಭುತವೇ, ಆದರೆ ಬುಕಿಂಗ್ ಇಲ್ಲ, ಸಂಜೆ ತೆರೆಯುವ ಮೊದಲೇ ಸಾಲಿನಲ್ಲಿ ನಿಂತು ಹೆಸರು ಬರೆಸಿ ಮತ್ತೆ ಕಾಯಬೇಕು. ಆಫೀಸ್ ಮುಗಿಸಿ ಒಬ್ಬರೇ ಇದ್ದೀರಾ? ಕಾರ್ಮೈನ್ ಸ್ಟ್ರೀಟಿನ ಜೋಸ್ ಅನ್ನುವ ಸ್ಲೈಸ್ ಅಂಗಡಿ, 1975ರಿಂದ ಇದೆ. ಐದು ನಿಮಿಷದ ಕೆಲಸ.

ದುಡ್ಡಿನ ಲೆಕ್ಕ. ಸಬ್‌ವೇ ದರವೂ ಪ್ಲೇನ್ ಸ್ಲೈಸಿನ ದರವೂ ಜೊತೆಜೊತೆಯಾಗಿ ಏರುತ್ತವೆ ಅಂತ 1980ರಿಂದಲೂ ಇಲ್ಲೊಂದು ಮಾತಿದೆ. ಸುಮಾರು 3ರಿಂದ 4 ಡಾಲರ್ ಇಟ್ಟುಕೊಳ್ಳಿ. ಮೇಲೆ 8.875 ಪರ್ಸೆಂಟ್ ತೆರಿಗೆ. ಕೌಂಟರಿನಲ್ಲಿ ತಗೊಂಡು ನಿಂತು ತಿಂದರೆ ಟಿಪ್ ನಿಮ್ಮಿಷ್ಟ, ಕೂತು ಬಡಿಸಿಕೊಂಡರೆ 18ರಿಂದ 20 ಪರ್ಸೆಂಟ್ ಕೊಡಲೇಬೇಕು, ಅದನ್ನು ತಪ್ಪಿಸಬೇಡಿ. ಕೆಚಪ್ ಕೇಳಬೇಡಿ. ಖಾರದ ಪುಡಿ ಕೌಂಟರ್ ಮೇಲೆ ಇರುತ್ತದೆ, ಬಿಟ್ಟಿ, ಬೇಕಾದಷ್ಟು ಹಾಕಿಕೊಳ್ಳಿ. ಹುಟ್ಟುಹಬ್ಬಕ್ಕೆ ತರಿಸುವುದಾದರೆ ದೊಡ್ಡವರಿಗೆ ಎರಡು, ಮಕ್ಕಳಿಗೆ ಒಂದು ತುಂಡಿನ ಲೆಕ್ಕ: 20 ದೊಡ್ಡವರು, 16 ಮಕ್ಕಳು ಅಂದರೆ ಏಳು ಪೈ ಸಾಕು. ನಮ್ಮವರು ಹತ್ತು ತರಿಸುತ್ತಾರೆ.

ಉಳಿದದ್ದನ್ನು ಮರುದಿನ ಮೈಕ್ರೋವೇವಿಗೆ ಹಾಕಬೇಡಿ, ಚರ್ಮದ ಹಾಗೆ ಆಗುತ್ತದೆ. ಕಾವಲಿ ಮೇಲಿಟ್ಟು ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಬಿಟ್ಟರೆ ಸಾಕು. ಆದರೆ ದೋಸೆ ಕಾವಲಿ ಬೇಡ, ಅದಕ್ಕೆ ಬೇರೆ ಹಳೇ ಬಾಣಲೆ ಇಟ್ಟುಕೊಳ್ಳಿ. ಒಂದು ಸಲ ಚೀಸ್ ಕರಗಿ ಕಾವಲಿಗೆ ಹಿಡಿದರೆ ಆಮೇಲೆ ಒಂದು ವಾರ ದೋಸೆ ಏಳುವುದಿಲ್ಲ.