ಡೆಂಗಿ ಡ್ಯಾಶ್‌ಬೋರ್ಡ್ ಸರಿಹೋದದ್ದು ಹೀಗೆ

ಕೇಸುಗಳ ಲೆಕ್ಕ, ಗ್ರಾಫು ತೋರಿಸುವ ನಮ್ಮ ತಾಲ್ಲೂಕಿನ ಡ್ಯಾಶ್‌ಬೋರ್ಡ್‌ನಲ್ಲಿ ಪ್ರತಿ ಸೋಮವಾರ ಡೆಂಗಿ ಕೇಸು ದಿಢೀರ್ ಏರುತ್ತಿತ್ತು. ಭಾನುವಾರ ಉಳಿದ ವರದಿಗಳೂ ಅವತ್ತೇ ಸೇರುತ್ತಿದ್ದವು. ಗ್ರಾಫನ್ನು ವರದಿ ಬಂದ ದಿನಾಂಕದಿಂದ ಜ್ವರ ಶುರುವಾದ ದಿನಾಂಕಕ್ಕೆ ಬದಲಿಸಿದೆ, ಸರಿಹೋಯಿತು.

ಜಾಸ್ತಿ ಕಾಡಿದ್ದು ಊರಿನ ಹೆಸರು. ಆಸ್ಪತ್ರೆಗಳು ಕಳಿಸುವ ಎಕ್ಸೆಲ್ ಶೀಟುಗಳಲ್ಲಿ ‘ಹೊಸಹಳ್ಳಿ’, ‘ಹೊಸಳ್ಳಿ’, ‘ಹೊಸಹಳ್ಳಿ ಕಾಲೊನಿ’ ಅಂತ ಒಂದೇ ಊರು ಮೂರಾಗಿತ್ತು. ಕೇಸುಗಳು ಚದುರಿ, ಒಂದೇ ಕಡೆ ಹೆಚ್ಚಾಗಿರುವ ಕೇಸುಗಳ ಗುಂಪು ಕಾಣುತ್ತಲೇ ಇರಲಿಲ್ಲ. ಪ್ರತಿ ಹಳ್ಳಿಗೂ ಸರ್ಕಾರದ ಎಲ್‌ಜಿಡಿ (ಲೋಕಲ್ ಗವರ್ನಮೆಂಟ್ ಡೈರೆಕ್ಟರಿ) ಕೋಡ್, ಅಂದರೆ ಆ ಊರಿಗೇ ಮೀಸಲಾದ ಸಂಖ್ಯೆ, ಇದೆಯಲ್ವಾ? ಹೆಸರು ಬಿಟ್ಟು ಆ ಕೋಡಿನಿಂದಲೇ ಶೀಟುಗಳನ್ನು ಜೋಡಿಸಿದೆ. ಆಸ್ಪತ್ರೆಯ ವಿಳಾಸದ ಬದಲು ರೋಗಿಯ ಮನೆ ಇರುವ ಊರನ್ನೇ ಹಾಕಿದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಸಾಮಾನ್ಯವಾಗಿ 400 ಮೀಟರ್ ದಾಟಿ ಹಾರುವುದಿಲ್ಲ, ಹಾಗಾಗಿ ಇದು ತುಂಬಾ ಮುಖ್ಯ.

ಗುಂಪು ಎದ್ದು ಕಂಡಿತು. ಆಶಾ ಕಾರ್ಯಕರ್ತೆಯರು ಆ ಊರಿಗೇ ಹೋಗಿ ಡ್ರಮ್ಮು, ತೊಟ್ಟಿಗಳಲ್ಲಿ ಲಾರ್ವಾ (ಸೊಳ್ಳೆ ಮರಿ) ಹುಡುಕಿ ನೀರು ಚೆಲ್ಲಿಸಿದರು.

ನೀವೂ ಮಾಡುವುದಾದರೆ, ಶೀಟು ಹಂಚುವ ಮುಂಚೆ ರೋಗಿಗಳ ಹೆಸರು, ಫೋನ್ ನಂಬರ್ ತೆಗೆದುಬಿಡಿ.