ರಂಜಕ ಮೊದಲು ಕಸದ ಬಕೆಟ್‌ಗೆ, ಆಮೇಲೆ ಕುಂಡಕ್ಕೆ

ಡೊಂಬಿವಲಿಯ ನಮ್ಮ ಬಾಲ್ಕನಿಯ ದುಂಡುಮಲ್ಲಿಗೆ ಎರಡು ವರ್ಷ ಬರೀ ಎಲೆ ಬಿಟ್ಟಿತು. ಹೂವಿಗೆಂದು ರಂಜಕದ (ಫಾಸ್ಫರಸ್) ಗೊಬ್ಬರವನ್ನು ತಪ್ಪದೆ ಕುಂಡಕ್ಕೆ ಹಾಕುತ್ತಿದ್ದೆ. ಆದರೆ ಮುಂಬೈ ಕಡೆಯ ನರ್ಸರಿಗಳಲ್ಲಿ ಸಿಗುವ ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಜಾಸ್ತಿ. ಇವೆರಡೂ ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತವೆ. ಬೇರಿಗೆ ಸಿಗುವುದು ಸ್ವಲ್ಪವೇ. ಅದೇ ರಂಜಕವನ್ನು ಅಡುಗೆಮನೆಯ ಕಸದ ಜೊತೆ ಕೊಳೆಸಿ ಕೊಟ್ಟರೆ ಗಿಡಕ್ಕೆ ದಕ್ಕುತ್ತದೆ.

20 ಲೀಟರಿನ ಬಕೆಟ್ಟಿಗೆ ತಳದಲ್ಲೂ ಸುತ್ತಲೂ ತೂತು ಮಾಡಿ. ತಳಕ್ಕೆ ತೆಂಗಿನ ನಾರು ಹಾಸಿ. ಇಲ್ಲಿ ಎಲ್ಲರೂ ‘ಓಲಾ ಕಚರಾ’ ಅನ್ನುವ ಹಸಿ ಕಸ ಒಂದು ಪಾಲು, ಒಣ ಎಲೆ ಎರಡು ಪಾಲು ಹಾಕುತ್ತಾ ಬನ್ನಿ. ಸೊಸೈಟಿಯ ಬಾದಾಮಿ ಮರದ ಎಲೆಗಳನ್ನು ಮಳೆಗಾಲಕ್ಕೆ ಮೊದಲೇ ಚೀಲ ತುಂಬಿಸಿಡಿ. ಜೂನ್ ಬಂದ ಮೇಲೆ ಒಣ ಎಲೆ ಹುಡುಕಿದರೂ ಸಿಗದು.

ಈಗ ರಂಜಕ. ರಾಕ್ ಫಾಸ್ಫೇಟ್, ಅಂದರೆ ರಂಜಕವಿರುವ ಕಲ್ಲಿನ ಪುಡಿ ತನ್ನಿ. 10 ಕಿಲೋ ಹಸಿ ಕಸಕ್ಕೆ 100 ಗ್ರಾಂ ಸಾಕು. ದಿನಕ್ಕೆ ಅರ್ಧ ಕಿಲೋ ಕಸವಾದರೆ ಒಂದು ಟೀ ಚಮಚ. ಮೊದಲ ದಿನದಿಂದಲೇ ಉದುರಿಸಿ. ಈ ಪುಡಿಯಲ್ಲಿ ರಂಜಕವು ಕ್ಯಾಲ್ಸಿಯಂಗೆ ಕಟ್ಟಿಕೊಂಡಿರುತ್ತದೆ, ನೀರಿನಲ್ಲಿ ಕರಗದು. ಹಣ್ಣಿನ ಸಿಪ್ಪೆ, ತರಕಾರಿ ತಿನ್ನುವ ಬ್ಯಾಕ್ಟೀರಿಯಾ, ಬೂಷ್ಟುಗಳು ಸಿಟ್ರಿಕ್, ಗ್ಲೂಕೋನಿಕ್, ಆಕ್ಸಾಲಿಕ್ ಆಮ್ಲಗಳನ್ನು ಬಿಡುತ್ತವೆ. ಆಮ್ಲ ಕ್ಯಾಲ್ಸಿಯಂ ಅನ್ನು ಎಳೆದುಕೊಂಡಾಗ ರಂಜಕ ಬಿಡುಗಡೆಯಾಗುತ್ತದೆ. ಈ ಹುಳಿ ಹೆಚ್ಚಿರುವುದು ಶುರುವಿನ ದಿನಗಳಲ್ಲಿ. ಆಮೇಲೆ ಕಾಂಪೋಸ್ಟ್ ಕ್ಷಾರದ ಕಡೆಗೆ ವಾಲುತ್ತದೆ.

ಅದಕ್ಕೇ ಕೇಳಿಕೊಳ್ಳುತ್ತೇನೆ, ವಾಸನೆ ಬಂತೆಂದು ಬೂದಿ, ಸುಣ್ಣ ಸುರಿಯಬೇಡಿ. ಹುಳಿ ಹೋದರೆ ಪುಡಿ ಹಾಗೇ ಉಳಿಯುತ್ತದೆ. ವಾಸನೆಗೆ ಒಣ ಎಲೆಯೇ ಮದ್ದು.

ಬಿಡುಗಡೆಯಾದ ರಂಜಕವನ್ನು ಸೂಕ್ಷ್ಮಜೀವಿಗಳು ಮೊದಲು ತಾವೇ ತಿಂದು ಮೈಯಲ್ಲಿ ಇಟ್ಟುಕೊಳ್ಳುತ್ತವೆ. ಗಿಡದ ಪಾಲು ಹೋಯಿತು ಅನ್ನಿಸಬಹುದು ಅಲ್ವಾ? ಹಾಗಲ್ಲ. ಅವು ಸತ್ತಂತೆಲ್ಲ ರಂಜಕ ಸ್ವಲ್ಪ ಸ್ವಲ್ಪವೇ ಹೊರಬರುತ್ತದೆ. ಒಮ್ಮೆಲೇ ಮಣ್ಣಿನ ಕೈಗೆ ಸಿಕ್ಕಿಬೀಳುವುದಿಲ್ಲ. ತವುಡು, ಬೇಳೆಗಳಲ್ಲಿ ಅಡಗಿರುವ ರಂಜಕವನ್ನೂ ಅವು ಕಿಣ್ವಗಳಿಂದ ಬಿಡಿಸುತ್ತವೆ.

ರಾಕ್ ಫಾಸ್ಫೇಟ್ ಸಿಗದಿದ್ದರೆ ಸೂಪರ್ ಫಾಸ್ಫೇಟ್ ಆಗುತ್ತದೆ, ಅರ್ಧ ಅಳತೆ ಮಾತ್ರ. ಅಮೋನಿಯಾ ಹಾರಿಹೋಗುವುದನ್ನೂ ಅದು ತಡೆಯುತ್ತದೆ. ಸಾರಜನಕ, ರಂಜಕ ಎರಡೂ ಇರುವ ಡಿಎಪಿ ಗೊಬ್ಬರ ಬೇಡ. ಕಾಂಪೋಸ್ಟ್ ಕ್ಷಾರವಾದಾಗ ಅದರ ಸಾರಜನಕವೇ ಅಮೋನಿಯಾ ಆಗಿ ಮೂಗಿಗೆ ಹೊಡೆಯುತ್ತದೆ. ಟ್ರಾಂಬೆಯಲ್ಲಿ ತಯಾರಾಗುವ ರಾಸಾಯನಿಕ ಗೊಬ್ಬರ ಸುಫಲಾ 15:15:15 ಕೂಡ ಬಕೆಟ್ಟಿಗೆ ಬೇಡ, ಉಪ್ಪಿನಂಶ ಜಾಸ್ತಿಯಾಗುತ್ತದೆ.

ಕಸ ಕೊಳೆಯುವಾಗ ಏಳುವ ಬಿಸಿ ಇಳಿದ ಮೇಲೆ, ಸುಮಾರು ನಾಲ್ಕನೇ ವಾರದಲ್ಲಿ, ರಂಜಕ ಕರಗಿಸುವ ಬ್ಯಾಕ್ಟೀರಿಯಾದ ಪುಡಿ ಒಂದು ಚಮಚ ಬೆರೆಸಿ. ಗೊಬ್ಬರದಂಗಡಿಯಲ್ಲಿ ‘ಪಿಎಸ್‌ಬಿ’ ಎಂದು ಕೇಳಿ. ನಲ್ಲಿ ನೀರನ್ನು ರಾತ್ರಿಯಿಡೀ ಬಾಯಿ ತೆರೆದ ಪಾತ್ರೆಯಲ್ಲಿಟ್ಟು, ಕ್ಲೋರಿನ್ ಹೋದ ಮೇಲೆ ಅದರಲ್ಲೇ ಕದಡಿ ಚಿಮುಕಿಸಿ.

ವಾರಕ್ಕೆರಡು ಸಲ ಕೈಯಾಡಿಸಿ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆಯಲ್ಲ. ಮಳೆಗಾಲದಲ್ಲಿ ಮುಚ್ಚಳ ಮರೆಯಬೇಡಿ. ನೀರು ನಿಂತರೆ ಗಾಳಿ ಬೇಕಾದ ಬೂಷ್ಟುಗಳು ಸಾಯುತ್ತವೆ.

ಎರಡೂವರೆ, ಮೂರು ತಿಂಗಳಿಗೆ ಕಪ್ಪಾಗಿ, ಮಣ್ಣಿನ ಘಮ ಬರುತ್ತದೆ. ಮಲ್ಲಿಗೆಯ ರೆಂಬೆಗಳನ್ನು ಜನವರಿಯಲ್ಲಿ ಸವರಿ, ಬೇರಿನ ಸುತ್ತ ಎರಡು ಹಿಡಿ ಹಾಕಿ ಮಣ್ಣು ಮುಚ್ಚಿ. ಒಂದು ಹಿಡಿ ಮಾತ್ರ ಮೊಸರಿನ ಹೆಪ್ಪಿನಂತೆ ಮುಂದಿನ ಬಕೆಟ್ಟಿಗೆ ಎತ್ತಿಡಿ.