ರೇಟು ಇಳಿಸಿ ಅಂದಾಗ ಮೊದಲು ಗಂಟೆ ಲೆಕ್ಕ ಹಾಕಿ

ಅನುವಾದದ ಕೆಲಸ ಕೊಡುವವರು ಪದಕ್ಕೆ ಇಷ್ಟೇ ಕೊಡುವುದು ಅಂದ ಕೂಡಲೇ ಹೂಂ ಅನ್ನಬೇಡಿ, ಸಿಟ್ಟಿನಲ್ಲಿ ಆಗಲ್ಲ ಅಂತಲೂ ಬರೆಯಬೇಡಿ. ಫೈಲ್ ತರಿಸಿಕೊಂಡು ಅರ್ಧ ಗಂಟೆ ಅನುವಾದ ಮಾಡಿ ನೋಡಿ. 200 ಪದ ಆಯ್ತಾ? ಹಾಗಾದರೆ ಗಂಟೆಗೆ 400. ಅದನ್ನು ಅವರ ರೇಟಿನಿಂದ ಗುಣಿಸಿ, ಆಮೇಲೆ ಪದ ಹುಡುಕುವುದು, ತಿದ್ದುವುದು, ಮೇಲ್ ಬರೆಯುವುದು, ಬಿಲ್ ಕಳಿಸಿ ನೆನಪಿಸುವುದು, ಇದಕ್ಕೆಲ್ಲ ಹೋಗುವ ಹೊತ್ತನ್ನೂ ಸೇರಿಸಿದರೆ ನಿಜವಾದ ಕೂಲಿ ಎಷ್ಟು ಅಂತ ಗೊತ್ತಾಗುತ್ತದೆ. ಯಂತ್ರದ ಅನುವಾದ ತಿದ್ದುವ ಕೆಲಸವಾದರೆ ಇನ್ನೂ ಹುಷಾರು. ಕೆಟ್ಟ ವಾಕ್ಯ ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದೇ ಎಷ್ಟೋ ಸಲ ಬೇಗ ಆಗುತ್ತದೆ, ಅಲ್ವಾ? ಮುಂದೆ ಜಾಸ್ತಿ ಕೆಲಸ ಕೊಡುತ್ತೇವೆ ಅನ್ನುವ ಮಾತನ್ನು ನಾನಂತೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಪ್ಪಲೇಬೇಕಾದರೆ, ಈ ರೇಟು ಇದೊಂದು ಕೆಲಸಕ್ಕೆ ಮಾತ್ರ ಅಂತ ಮೇಲ್‌ನಲ್ಲೇ ಬರೆದುಬಿಡಿ.